ಅಸಲಿ ಯಾವುದು ಸ್ವಾಮಿ?

ಈ ವಾರ ಕಿಂಗ್ ಟಬ್ಬಿಯ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ತಪ್ಪುತ್ತಿದ್ದೇನೆ. ಕಾರಣ ಮೈಸೂರಿನ ಓದುಗರೊಬ್ಬರ ಪತ್ರ. ಮೆಲೋಡಿಯನ್ಸ್ ಹೆಸರು ಬಂದ ಸಾಲಿನಲ್ಲೇ ಬೋನಿ ಎಂ ಹೆಸರನ್ನೂ ಬರೆದೆನೆಂದು ಅವರಿಗೆ ಸಿಟ್ಟು. ‘ನಿಮ್ಮ ಕಿವಿಗೆ ಏನಾಗಿದೆ ಸ್ವಾಮಿ?’ ಎಂದು ಕೇಳಿದ್ದಾರೆ. ಕಿವಿ ಚೆನ್ನಾಗಿಯೇ ಇದೆ. ಎಪ್ಪತ್ತರ ದಶಕದ ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿದ್ದು ಮಾತ್ರ ಅಸಲಿ ರೆಗೆ, ಮಿಕ್ಕದ್ದೆಲ್ಲ ಮೈಲಿಗೆ ಎನ್ನುವ ಈ ಮಡಿವಂತ ಪಂಥದ ಜೊತೆ ನನ್ನದು ಹಳೇ ಜಗಳ. ಟಬ್ಬಿ ಕಾಯಲಿ.

ಜಗಳದ ವಸ್ತು ‘ರಿವರ್ಸ್ ಆಫ್ ಬ್ಯಾಬಿಲಾನ್’. ಮೆಲೋಡಿಯನ್ಸ್ ಇದನ್ನು ಹಾಡಿದ್ದು 1970ರಲ್ಲಿ, ಲೆಸ್ಲಿ ಕಾಂಗ್ ಎಂಬ ಚೀನೀ ಮೂಲದ ಜಮೈಕನ್ ನಿರ್ಮಾಪಕನಿಗಾಗಿ. ಕಾಂಗ್ ಅಣ್ಣತಮ್ಮಂದಿರ ‘ಬೆವರ್ಲೀಸ್’ ಅಂಗಡಿಯಲ್ಲಿ ಐಸ್‌ಕ್ರೀಮೂ ಸಿಗುತ್ತಿತ್ತು, ರೆಕಾರ್ಡೂ ಸಿಗುತ್ತಿತ್ತು. ಬಾಬ್ ಮಾರ್ಲಿಯ ಮೊದಲ ರೆಕಾರ್ಡು 1962ರಲ್ಲಿ ಹೊರಬಂದದ್ದೂ ಇದೇ ಕಾಂಗ್ ಕೈಯಿಂದ. ಹಾಡಿನ ಸಾಹಿತ್ಯ ಬಹುಪಾಲು ಬೈಬಲ್ಲಿನ 137ನೆಯ ಕೀರ್ತನೆಯದು, ಜೊತೆಗೆ 19ನೆಯದರಿಂದ ಒಂದು ಪ್ರಾರ್ಥನೆ. ಸೆರೆಯಾಳುಗಳಾಗಿ ಬ್ಯಾಬಿಲಾನಿಗೆ ಹೋದ ಯೆಹೂದ್ಯರು ನದೀತೀರದಲ್ಲಿ ಊರು ನೆನೆದು ಅಳುತ್ತಾರೆ. ಹಿಡಿದು ತಂದವರೇ ಎದುರು ನಿಂತು ನಿಮ್ಮೂರಿನ ಹಾಡು ಹೇಳಿ ಎಂದು ಪೀಡಿಸುತ್ತಾರೆ. ಪರನಾಡಿನಲ್ಲಿ ದೇವರ ಹಾಡು ಬಾಯಿಗೆ ಬರುವುದಾದರೂ ಹೇಗೆ ಎಂಬುದು ಅವರ ಸಂಕಟ.

ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದವರ ಮರಿಮಕ್ಕಳಿಗೆ ಇದು ಯಾರದೋ ಕಥೆ ಅನ್ನಿಸಲಿಲ್ಲ. ರಾಸ್ತಾಫಾರಿಗಳಿಗೆ ಪೊಲೀಸು, ಕೋರ್ಟು, ಸರ್ಕಾರ ಎಲ್ಲವೂ ಬ್ಯಾಬಿಲಾನ್. ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿಯೇ ದೇವರು. ಹಾಗಾಗಿ ಮೆಲೋಡಿಯನ್ಸ್ ಕೀರ್ತನೆಯ ಕರ್ತನ ಜಾಗದಲ್ಲಿ ‘ಕಿಂಗ್ ಆಲ್ಫಾ’ ಎಂದು ಸೆಲಾಸಿಯನ್ನು ಕೂರಿಸಿದರು. ಅಷ್ಟಕ್ಕೇ ಸರ್ಕಾರ ಹಾಡಿಗೆ ನಿಷೇಧ ಹಾಕಿತಂತೆ. ಬೈಬಲ್ಲಿನ ಮಾತಿಗೇ ನಿಷೇಧವೇ ಎಂದು ಕಾಂಗ್ ಹರಿಹಾಯ್ದ ಮೇಲೆ ತೆರವಾಯಿತೆಂದು ತಂಡದ ಬ್ರೆಂಟ್ ಡೋ ಹೇಳಿಕೊಂಡಿದ್ದಾನೆ. ಇಷ್ಟೆಲ್ಲ ರಂಪ ಮಾಡಿದ ಹಾಡು ಕೇಳಲು ಎಷ್ಟು ಮೆದು! ಯಾರೂ ದನಿ ಎತ್ತುವುದಿಲ್ಲ, ಬೇಸ್ ಗಿಟಾರಿಗೆ ಅವಸರವಿಲ್ಲ. ಮೂರು ಕಂಠಗಳು ಒಂದರ ಹೆಗಲ ಮೇಲೆ ಒಂದು ಕೈಹಾಕಿಕೊಂಡು ಹೋಗುತ್ತವೆ. 1972ರ ‘ದಿ ಹಾರ್ಡರ್ ದೇ ಕಮ್’ ಚಿತ್ರದ ರೆಕಾರ್ಡಿನಲ್ಲಿ ಸೇರಿ ಇದು ಹೊರದೇಶಗಳಿಗೂ ಹೋಯಿತು.

1978ರಲ್ಲಿ ಪಶ್ಚಿಮ ಜರ್ಮನಿಯ ಫ್ರಾಂಕ್ ಫರಿಯಾನ್ ಇದನ್ನು ಬೋನಿ ಎಂ ತಂಡದಿಂದ ಹಾಡಿಸಿದ. ಇನ್ನೊಂದು ಮಗ್ಗುಲಿನ ‘ಬ್ರೌನ್ ಗರ್ಲ್ ಇನ್ ದ ರಿಂಗ್’ ಕೂಡ ಜಮೈಕಾದ ಮಕ್ಕಳ ಆಟದ ಹಾಡೇ. ಬ್ರಿಟನ್ ಒಂದರಲ್ಲೇ 20 ಲಕ್ಷ ಪ್ರತಿ ಖರ್ಚಾದವು. ಮಡಿವಂತರ ತಕರಾರಿನಲ್ಲಿ ಅರ್ಧ ನಿಜವಿದೆ, ಅದನ್ನು ಮೊದಲೇ ಒಪ್ಪಿಬಿಡುತ್ತೇನೆ. ವೇದಿಕೆಯಲ್ಲಿ ಕುಣಿಯುತ್ತಿದ್ದ ಬಾಬಿ ಫ್ಯಾರೆಲ್‌ನ ದನಿ ರೆಕಾರ್ಡುಗಳಲ್ಲಿ ಇರಲಿಲ್ಲ, ಅದು ಫರಿಯಾನ್‌ನದೇ. ಅದನ್ನಾದರೂ ಕ್ಷಮಿಸಬಹುದು. ಕಿಂಗ್ ಆಲ್ಫಾನನ್ನು ಇಳಿಸಿ ಮತ್ತೆ ಬೈಬಲ್ಲಿನ ದೇವರನ್ನೇ ಕೂರಿಸಿದ್ದನ್ನು ನಾನು ಕ್ಷಮಿಸಿಲ್ಲ. ಡೋ ಮತ್ತು ಅವನ ಗೆಳೆಯರು ಯಾವ ಹೆಸರಿಗಾಗಿ ನಿಷೇಧ ಉಂಡರೋ ಆ ಹೆಸರನ್ನೇ ಒರೆಸಿ ಹಾಕಿದ ಹಾಗಾಯಿತು.

ಆದರೆ ಹಾಡಿದವರು ಯಾರು? ಲಿಜ್ ಮಿಚೆಲ್ ಮತ್ತು ಮಾರ್ಸಿಯಾ ಬ್ಯಾರೆಟ್. ಇಬ್ಬರೂ ಹುಟ್ಟಿದ್ದು ಜಮೈಕಾದಲ್ಲಿ, ಸಣ್ಣ ವಯಸ್ಸಿನಲ್ಲೇ ಇಂಗ್ಲೆಂಡಿಗೆ ಹೋದವರು. ಪರನಾಡಿನಲ್ಲಿ ಹಾಡುವ ಸಂಕಟ ಗೊತ್ತಿರಲು ಇದಕ್ಕಿಂತ ಇನ್ನೇನು ಅರ್ಹತೆ ಬೇಕು? ಮಿಚೆಲ್‌ಳ ದನಿಯಲ್ಲಿ ಆ ಮೊದಲ ಗುನುಗು ಕೇಳಿ, ಆಮೇಲೆ ‘ಜರ್ಮನ್ ಫ್ಯಾಕ್ಟರಿ ಮಾಲು’ ಎಂದು ಬೈಯಿರಿ. ಬ್ರಿಗೇಡ್ ರೋಡಿನಲ್ಲಿ ಡಿಸೆಂಬರ್ ಬಂತೆಂದರೆ ಕೇಳಿಸುವ ‘ಮೇರೀಸ್ ಬಾಯ್ ಚೈಲ್ಡ್’ ಕೂಡ ಇವರದೇ. ಅದನ್ನು ಇವರಿಗಿಂತ ಮುಂಚೆ, 1956ರಲ್ಲಿ, ಹಾಡಿದವನು ಹ್ಯಾರಿ ಬೆಲಫಾಂಟೆ. ಅವನನ್ನೂ ಟ್ರಿನಿಡಾಡಿನ ಕ್ಯಾಲಿಪ್ಸೊ ಮಡಿವಂತರು ಒಪ್ಪಿರಲಿಲ್ಲ, ನ್ಯೂಯಾರ್ಕಿನಲ್ಲಿ ಹುಟ್ಟಿದವನಿಗೆ ಕ್ಯಾಲಿಪ್ಸೊ ಪಟ್ಟ ಏಕೆಂದು. ಈ ಜಾತಿಯ ಜಗಳಕ್ಕೆ ಕೊನೆಯೇ ಇಲ್ಲ.

ಇಷ್ಟಕ್ಕೂ ಜಮೈಕಾದಲ್ಲಿ ‘ಅಸಲಿ’ ಎನ್ನುವುದಕ್ಕೆ ಬೆಲೆ ಎಷ್ಟು? ಅರವತ್ತರ ದಶಕದ ಕೊನೆ. ಸ್ಪ್ಯಾನಿಷ್ ಟೌನಿನ ಸೌಂಡ್ ಸಿಸ್ಟಮ್ ಮಾಲೀಕ ರಡ್ಡಿ ರೆಡ್‌ವುಡ್ ಡ್ಯೂಕ್ ರೀಡ್‌ನ ಟ್ರೆಶರ್ ಐಲ್ ಸ್ಟುಡಿಯೊದಲ್ಲಿ ಪ್ಯಾರಗನ್ಸ್ ತಂಡದ ‘ಆನ್ ದ ಬೀಚ್’ ಹಾಡಿನ ಡಬ್ ಪ್ಲೇಟ್ ಕೆತ್ತಿಸುತ್ತಾನೆ. ಎಂಜಿನಿಯರ್ ದನಿಯ ಟ್ರ್ಯಾಕ್ ಏರಿಸುವುದನ್ನೇ ಮರೆಯುತ್ತಾನೆ. ರೆಡ್‌ವುಡ್ ಇರಲಿ ಬಿಡಿ ಎಂದು ಅದನ್ನೇ ಒಯ್ದು ಆ ರಾತ್ರಿ ಹಾಕಿದರೆ, ಗಾಯಕರಿಲ್ಲದ ಹಾಡನ್ನು ಕುಣಿಯುತ್ತಿದ್ದ ಜನವೇ ಹಾಡಿಬಿಟ್ಟರು. ಅಲ್ಲಿಂದ ಮುಂದೆ ಪ್ರತಿ ಸಿಂಗಲ್‌ನ ಹಿಂಬದಿಯಲ್ಲಿ ದನಿ ಕಳೆದ ‘ವರ್ಷನ್’. ಅದರ ಮೇಲೆ ಯು-ರಾಯ್‌ನಂಥವರ ಮಾತುಗಾರಿಕೆ. ಅದನ್ನೇ ಬಿಚ್ಚಿ, ಒಂದೊಂದು ವಾದ್ಯವನ್ನೂ ಬಾಗಿಲಾಚೆ ಕಳಿಸಿ ಮತ್ತೆ ಒಳಗೆ ಕರೆದವನು ರೇಡಿಯೊ ರಿಪೇರಿಯ ಟಬ್ಬಿ. (ನೋಡಿ, ಅವನನ್ನು ಪೂರ್ತಿ ಕೈಬಿಟ್ಟಿಲ್ಲ.) ಸ್ಟುಡಿಯೊ ಒನ್‌ನಲ್ಲಿ 1967ರಲ್ಲಿ ನುಡಿಸಿದ ‘ರಿಯಲ್ ರಾಕ್’ ರಿದಿಮ್ (ಹಾಡಿನ ಹಿಂದಿನ ವಾದ್ಯದ ಧಾಟಿ) ಮೇಲೆ ಎಷ್ಟು ಹಾಡು ಬಂದಿವೆಯೆಂದು ಲೆಕ್ಕ ಇಟ್ಟವರಿಲ್ಲ. ಬ್ರಿಟನ್ನಿನ ಪಂಕ್ ತಂಡ ಕ್ಲ್ಯಾಶ್ ಕೂಡ ಅದರ ಬೆನ್ನೇರಿತು.

ನಮಗಿದು ಹೊಸದೇನಲ್ಲ, ತಿರುವುಮುರುವು ಅಷ್ಟೇ. ದಾಸರ ಪದಗಳಲ್ಲಿ ಸಾಹಿತ್ಯ ಉಳಿದಿದೆ, ಮೂಲ ಧಾಟಿ ಹೋಗಿದೆ. ‘ಭಾಗ್ಯದ ಲಕ್ಷ್ಮಿ’ಯನ್ನು ಒಬ್ಬರು ಶ್ರೀರಾಗದಲ್ಲಿ ಕರೆದರೆ ಇನ್ನೊಬ್ಬರು ಮಧ್ಯಮಾವತಿಯಲ್ಲಿ ಕರೆಯುತ್ತಾರೆ, ಭೀಮಸೇನ ಜೋಶಿಯವರು ತಮ್ಮದೇ ದಾರಿಯಲ್ಲಿ ಕರೆದರು. ನಕಲು ಎಂದು ಯಾರಾದರೂ ಅಂದರೇ? ಕಿಂಗ್‌ಸ್ಟನ್ನಿನಲ್ಲಿ ಧಾಟಿ ನಿಲ್ಲುತ್ತದೆ, ಸಾಹಿತ್ಯ ಬದಲಾಗುತ್ತದೆ.

ಮಡಿವಂತರು ಪೂಜೆಗಿಟ್ಟ ರೆಕಾರ್ಡನ್ನೇ ತೆಗೆದುಕೊಳ್ಳಿ: ವೇಲರ್ಸ್ ತಂಡದ ‘ಕ್ಯಾಚ್ ಎ ಫೈರ್’, 1973. ಕಿಂಗ್‌ಸ್ಟನ್ನಿನಿಂದ ಬಂದ ಟೇಪಿಗೆ ನಿರ್ಮಾಪಕ ಕ್ರಿಸ್ ಬ್ಲ್ಯಾಕ್‌ವೆಲ್ ಲಂಡನ್ನಿನಲ್ಲಿ ಒಗ್ಗರಣೆ ಹಾಕಿಸಿದ. ಗಿಟಾರ್ ಹಿಡಿದವನು ಅಲಬಾಮದ ವೇಯ್ನ್ ಪರ್ಕಿನ್ಸ್, ಅಲ್ಲಿಯವರೆಗೆ ರೆಗೆಯ ಗಂಧಗಾಳಿ ಇರದಿದ್ದವನು. ಕೀಬೋರ್ಡಿಗೆ ಟೆಕ್ಸಾಸಿನ ‘ರ‍್ಯಾಬಿಟ್’ ಬಂಡ್ರಿಕ್. ರಾಕ್ ಕೇಳುವ ಬಿಳಿಯರು ಕೊಳ್ಳಲಿ ಎಂದೇ ಇಷ್ಟೂ ಏರ್ಪಾಡು. 2001ರ ಮರುಮುದ್ರಣದಲ್ಲಿ ಜಮೈಕಾದ ಮೊದಲ ಮಿಕ್ಸ್ ಕೂಡ ಇದೆ. ಎರಡನ್ನೂ ಒಂದೇ ಸಂಜೆ ಕೇಳಿ. ನನ್ನ ಮತ ಜಮೈಕಾದ್ದಕ್ಕೆ, ಅಲ್ಲಿ ವೇಲರ್ಸ್‌ನ ಬೇಸು-ಡ್ರಮ್ಮಿನ ಬ್ಯಾರೆಟ್ ಸೋದರರಿಗೆ ಅಡ್ಡ ನಿಂತವರಿಲ್ಲ. ಆದರೂ ‘ಕಾಂಕ್ರೀಟ್ ಜಂಗಲ್’ನಲ್ಲಿ ಪರ್ಕಿನ್ಸ್‌ನ ಆ ಗಿಟಾರ್ ಸೋಲೊ ಬಿಟ್ಟುಕೊಡು ಎಂದರೆ ಕೊಡಲಾರೆ. ಅಂದ ಹಾಗೆ, ಫೋನಿನ ಸ್ಪೀಕರಿನಲ್ಲಿ ಇದನ್ನು ಕೇಳಿ ಅಭಿಪ್ರಾಯ ಬರೆಯುವವರಿಗೆ ನಾನು ಉತ್ತರಿಸುವುದಿಲ್ಲ. ‘ಫ್ಯಾಮಿಲಿ ಮ್ಯಾನ್’ ಬ್ಯಾರೆಟ್‌ನ ಬೇಸ್ ಕೇಳಿಸದಿದ್ದರೆ ನೀವು ಕೇಳಿದ್ದು ಆ ಹಾಡನ್ನಲ್ಲ. ಹಳೇ ಡಬ್ಬಾ ಸ್ಪೀಕರ್ ಒಂದು ಜೋಡಿ ತಂದುಕೊಳ್ಳಿ, ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಲಿ.

ಅಸಲಿ ರೆಗೆ ಸತ್ತಿತು ಎಂದು ಈ ಪಂಥ ತಿಥಿ ಮಾಡುವುದು 1985ನೆಯ ಇಸವಿಗೆ. ವೇಯ್ನ್ ಸ್ಮಿತ್ ಹಾಡಿದ, ಪ್ರಿನ್ಸ್ ಜಾಮಿ ಸಿದ್ಧಪಡಿಸಿದ ‘ಅಂಡರ್ ಮಿ ಸ್ಲೆಂಗ್ ಟೆಂಗ್’ ಬಂದ ವರ್ಷ ಅದು. ಡ್ರಮ್ ಬಾರಿಸುವವನಿಲ್ಲ, ಬೇಸ್ ಮೀಟುವವನಿಲ್ಲ. ನೋಯೆಲ್ ಡೇವಿ ಎಂಬವನ ಹತ್ತಿರ ಕ್ಯಾಸಿಯೊ ಎಂಟಿ-40 ಎಂಬ ಪುಟ್ಟ ಕೀಬೋರ್ಡ್ ಇತ್ತು. ಅದರಲ್ಲಿ ‘ರಾಕ್’ ಎಂಬ ಗುಂಡಿಯ ಲಯವನ್ನು ಜಾಮಿ ನಿಧಾನ ಮಾಡಿದ, ಅಷ್ಟೇ. ಕಿಂಗ್‌ಸ್ಟನ್ನಿನ ಎಷ್ಟೋ ವಾದ್ಯಗಾರರು ಕೆಲಸ ಕಳೆದುಕೊಂಡರು. ಆ ದುಃಖ ಸುಳ್ಳಲ್ಲ, ಅದರ ಬಗ್ಗೆ ಹಗುರವಾಗಿ ಮಾತಾಡಲಾರೆ. ಆದರೆ ಜಪಾನಿನ ಆಟಿಕೆಯೊಂದು ಬಂದು ರೆಗೆಯನ್ನು ಕೊಂದಿತು ಎನ್ನುವವರಿಗೆ ಆ ಲಯ ಕೂಡಿಸಿದ್ದು ಯಾರೆಂದು ಗೊತ್ತಿದ್ದಂತಿಲ್ಲ. ಓಕುಡಾ ಹಿರೋಕೊ, 1980ರಲ್ಲಿ ಕ್ಯಾಸಿಯೊ ಸೇರಿದ ಹುಡುಗಿ; ಎಂಟಿ-40 ಆಕೆಯ ಮೊದಲ ಕೆಲಸ. ಅದಕ್ಕೂ ಮುಂಚೆ ಸಂಗೀತ ಕಾಲೇಜಿನಲ್ಲಿ ಪದವಿಗಾಗಿ ಆಕೆ ಪ್ರಬಂಧ ಬರೆದದ್ದು ರೆಗೆಯ ಮೇಲೆ.