ಭೋಗ್ಯವೋ, ಲೀಸೋ?

ಕಾನೂನಿಗೆ ಇಂಗ್ಲಿಷೇ ಆಗಬೇಕು, ಕನ್ನಡದ ಮಾತು ಸಡಿಲ, ಅದರಲ್ಲಿ ಅರ್ಥ ಸೋರಿಹೋಗುತ್ತದೆ ಎಂಬ ನಂಬಿಕೆ ವಕೀಲರಲ್ಲಷ್ಟೇ ಅಲ್ಲ, ಕನ್ನಡಾಭಿಮಾನಿಗಳಲ್ಲೂ ಬೇರೂರಿದೆ. ಅದು ತಪ್ಪು ಎನ್ನುವುದಕ್ಕೆ ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ ನೇತುಹಾಕಿರುವ ‘ಮನೆ ಲೀಸಿಗಿದೆ’ ಎಂಬ ಬೋರ್ಡೇ ಸಾಕ್ಷಿ.

ಆ ಬೋರ್ಡಿನ ಹಿಂದಿನ ವ್ಯವಹಾರ ಎಲ್ಲರಿಗೂ ಗೊತ್ತು. ಹತ್ತೋ ಹದಿನೈದೋ ಲಕ್ಷ ಒಂದೇ ಗಂಟಾಗಿ ಕೊಟ್ಟರೆ ಎರಡು ಮೂರು ವರ್ಷ ಮನೆಯಲ್ಲಿರಬಹುದು. ಹಣಕ್ಕೆ ಬಡ್ಡಿಯಿಲ್ಲ, ಮನೆಗೆ ಬಾಡಿಗೆಯಿಲ್ಲ. ಬಿಡುವಾಗ ಅಷ್ಟೂ ಹಣ ವಾಪಸು. ಇದಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಭೋಗ್ಯ. ಹೊಲವನ್ನು ಭೋಗ್ಯಕ್ಕೆ ಹಾಕುವುದೂ ಇದೇ: ಸಾಲ ಕೊಟ್ಟವನು ಬೆಳೆ ತಿನ್ನುತ್ತಾನೆ, ಅಸಲು ಕೈಸೇರಿದ ದಿನ ಹೊಲ ಬಿಡುತ್ತಾನೆ. ಬಾಡಿಗೆ ಬೇರೆ, ಗೇಣಿ ಬೇರೆ, ಗುತ್ತಿಗೆ ಬೇರೆ. ಇಂಗ್ಲಿಷಿನ ಲೀಸು ಈ ಮೂರನ್ನೂ ಒಟ್ಟಿಗೆ ನುಂಗುತ್ತದೆ. ಭೋಗ್ಯ ಮಾತ್ರ ಅದರೊಳಗೆ ಸೇರುವುದಿಲ್ಲ, ಏಕೆಂದರೆ ಭೋಗ್ಯದಲ್ಲಿ ಕೊಟ್ಟದ್ದು ಸಾಲ, ಮನೆ ಅದಕ್ಕೆ ಅಡಮಾನ.

1882ರ ಸ್ವತ್ತು ವರ್ಗಾವಣೆ ಅಧಿನಿಯಮ ಕೂಡ ಇವೆರಡನ್ನೂ ಬೇರೆಬೇರೆ ಇಟ್ಟಿದೆ. 105ನೇ ಕಲಮಿನಲ್ಲಿ ಲೀಸು, 58ನೇ ಕಲಮಿನಲ್ಲಿ ಅಡಮಾನದ ಬಗೆಗಳು. ಭೋಗ್ಯಕ್ಕೆ ಅಲ್ಲಿ ‘ಯೂಸುಫ್ರಕ್ಚುವರಿ ಮಾರ್ಟ್‌ಗೇಜ್’ ಎಂದು ಹೆಸರು. ಅರ್ಧ ರೋಮನ್ ಕಾನೂನಿನ ಲ್ಯಾಟಿನ್, ಇನ್ನರ್ಧ ‘ಸತ್ತ ಒತ್ತೆ’ ಎಂಬರ್ಥದ ಹಳೆಯ ಫ್ರೆಂಚ್. ನಿಖರತೆಗೆ ಹೆಸರಾದ ಭಾಷೆ ಇಲ್ಲಿ ಎರಡು ಕಡೆ ಸಾಲ ಮಾಡಿದೆ. ರೋಮನ್ ಪರಂಪರೆಯ ದೇಶಗಳು ಇದನ್ನೇ ಆಂಟಿಕ್ರೆಸಿಸ್ ಎಂಬ ಗ್ರೀಕ್ ಮಾತಿನಿಂದ ಕರೆಯುತ್ತವೆ. ಇದಕ್ಕೆ ತೀರ ಹತ್ತಿರದ್ದು ದಕ್ಷಿಣ ಕೊರಿಯಾದ ಜೊನ್ಸೆ. ಅವರು ತಮ್ಮ ಮಾತನ್ನೇ ಸಿವಿಲ್ ಸಂಹಿತೆಗೆ ತಂದು, ನೋಂದಣಿಯಾದರೆ ಅದು ಸ್ವತ್ತಿನ ಮೇಲಿನ ಹಕ್ಕು ಎಂದು ಬರೆದುಕೊಂಡರು.

ನಮ್ಮ ಮಾತಿಗೂ ಶಾಸ್ತ್ರದ ಬಲವಿದೆ. ಯಾಜ್ಞವಲ್ಕ್ಯ ಸ್ಮೃತಿ, ಬಳಸದೆ ಕಾಯ್ದಿಡುವ ಗೋಪ್ಯ ಒತ್ತೆ, ಅನುಭವಿಸುವ ಭೋಗ್ಯ ಒತ್ತೆ ಎರಡನ್ನೂ ಹೆಸರಿಸಿ, ಫಲ ಉಣ್ಣಲೆಂದು ಇಟ್ಟ ಒತ್ತೆ ಎಷ್ಟು ಕಾಲವಾದರೂ ಒಡೆಯನ ಕೈತಪ್ಪದು ಎನ್ನುತ್ತದೆ. ಆ ಸ್ಮೃತಿಗೆ ವಿಜ್ಞಾನೇಶ್ವರ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದದ್ದು ಚಾಲುಕ್ಯರ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ. 2014ರಲ್ಲಿ ಸಿಂಗ್ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇಂಥ ಅಡಮಾನವನ್ನು ಬಿಡಿಸಿಕೊಳ್ಳುವ ಹಕ್ಕು ಪತ್ರವಾದ ದಿನದಿಂದ ಮೂವತ್ತು ವರ್ಷ ಕಳೆದ ಮಾತ್ರಕ್ಕೆ ಅಳಿಯದು ಎಂದಿತು. ಕೋರ್ಟು ತಲುಪಿದ್ದು 1882ರ ಕಾಯಿದೆಯ ದಾರಿಯಿಂದ, ಆದರೂ ನಿಂತದ್ದು ಸ್ಮೃತಿ ನಿಂತಲ್ಲೇ.

ಕನ್ನಡದಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಕಾಂಟ್ರಾಕ್ಟಿಗೂ ಗುತ್ತಿಗೆ, ಲೀಸಿಗೂ ಗುತ್ತಿಗೆ ಎಂದು ಬರೆಯುವ ಕಚೇರಿ ಕನ್ನಡ ಗೊಂದಲ ಹೆಚ್ಚಿಸಿದೆ. ಆದರೆ ಅದು ಇಂಗ್ಲಿಷನ್ನು ಮುಂದಿಟ್ಟುಕೊಂಡು ತರ್ಜುಮೆ ಮಾಡಿದವರ ತಪ್ಪು. ಊರಿನ ಬಳಕೆಯನ್ನು ಕೇಳಿದ್ದರೆ ಆಗುತ್ತಿರಲಿಲ್ಲ.

ಹೆಸರು ಯಾವುದಾದರೇನು, ಕೋರ್ಟು ಪತ್ರದ ಒಳಗಿನ ಷರತ್ತು ನೋಡುತ್ತದೆ ಎನ್ನುವವರಿದ್ದಾರೆ. ನಿಜ. ಆದರೆ ಪತ್ರ ಬರೆಯುವವನು ತಲೆಬರಹ ನೋಡಿಯೇ ಷರತ್ತು ತುಂಬುತ್ತಾನೆ. ಲೀಸು ಎಂದೊಡನೆ ಬಾಡಿಗೆ ಕರಾರಿನ ನಮೂನೆ, ಹನ್ನೊಂದು ತಿಂಗಳು, ನೋಂದಣಿ ಇಲ್ಲ. ಮಾಲೀಕ ಮನೆ ಮಾರಿದಾಗ, ಬ್ಯಾಂಕು ಹರಾಜಿಗಿಟ್ಟಾಗ, ಜೀವಮಾನದ ಉಳಿತಾಯ ಕೊಟ್ಟವರ ಕೈಯಲ್ಲಿ ಉಳಿಯುವುದು ಆ ಕಾಗದವೊಂದೇ. ಕ್ರಮಬದ್ಧ ಭೋಗ್ಯಪತ್ರವಿದ್ದಿದ್ದರೆ, ಹಣ ಬರುವವರೆಗೆ ಮನೆ ಬಿಡೆನು ಎಂದು ಮಾಲೀಕನೆದುರು, ಆಮೇಲೆ ಕೊಂಡವನೆದುರು ನಿಲ್ಲುವ ಹಕ್ಕು ಇರುತ್ತಿತ್ತು.

ಮುಂದಿನ ಸಲ ಗಂಟು ಹಣ ಕೊಟ್ಟು ಮನೆ ಹಿಡಿಯುವಾಗ ‘ಲೀಸ್ ಅಗ್ರಿಮೆಂಟ್’ ಬೇಡವೆನ್ನಿ. ಮನೆಯ ಮೇಲೆ ಮೊದಲೇ ಸಾಲವಿದೆಯೇ ನೋಡಿ. ಭೋಗ್ಯಪತ್ರವೆಂದೇ ಬರೆಸಿ, ಇಬ್ಬರು ಸಾಕ್ಷಿಗಳ ರುಜು ಹಾಕಿಸಿ, ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಿ.