ಹಳೇ ರಸ್ತೆಯ ಹೋಟ್ಲಲ್ಲಿ ಯಾರು ಕೂತಿದ್ದರು?

ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅಲ್ಲಿಂದ ಈಚೆಗೆ ಕನ್ನಡದಲ್ಲಿ ಒಂದು ಬಗೆಯ ಪ್ರಬಂಧ ಹುಲುಸಾಗಿ ಬೆಳೆದಿದೆ. ನೀವೂ ಓದಿರುತ್ತೀರಿ. ಅಪ್ಪನ ಅಂಬಾಸಿಡರ್ ಕಾರಿನಿಂದಲೋ ಕೆಂಪು ಬಸ್ಸಿನ ಕಿಟಕಿಯಿಂದಲೋ ಅದು ಶುರುವಾಗುತ್ತದೆ. ಬಿಡದಿಯಲ್ಲಿ ತಟ್ಟೆ ಇಡ್ಲಿ, ರಾಮನಗರದಲ್ಲಿ 'ಶೋಲೆ'ಯ ಬಂಡೆ, ಚನ್ನಪಟ್ಟಣದಲ್ಲಿ ಬಣ್ಣದ ಗೊಂಬೆ, ಮದ್ದೂರಿನಲ್ಲಿ ವಡೆ, ಶ್ರೀರಂಗಪಟ್ಟಣ ದಾಟುವಾಗ ಕಾವೇರಿಗೆ ಎಸೆದ ನಾಣ್ಯ. ಕೊನೆಗೆ ಒಂದು ನಿಟ್ಟುಸಿರು: ಈಗ ಊರುಗಳೆಲ್ಲ ಬೈಪಾಸಿನ ಆಚೆ ಉಳಿದವು, ಒಂದೂವರೆ ಗಂಟೆಯಲ್ಲಿ ಮೈಸೂರು ಸಿಗುತ್ತದೆ, ದಾರಿ ಮಾತ್ರ ಸಿಗುವುದಿಲ್ಲ.

ಈ ನಿಟ್ಟುಸಿರು ಸುಳ್ಳೇನಲ್ಲ. ಹಳೇ ರಸ್ತೆಯ ಪಕ್ಕದ ಹೋಟೆಲುಗಳ ವ್ಯಾಪಾರ ಕುಸಿದದ್ದು ನಿಜ, ಮಾಲೀಕರೂ ಸಪ್ಲೈಯರ್‌ಗಳೂ ಅದರ ಪೆಟ್ಟು ತಿಂದದ್ದು ನಿಜ. 2023ರ ಆಗಸ್ಟ್ ಒಂದರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಹೆದ್ದಾರಿಯ ಮುಖ್ಯ ಪಥಗಳಲ್ಲಿ ಪ್ರವೇಶವೇ ಇಲ್ಲ. ಮದ್ದೂರಿನ ರೈತನಿಗೆ ತನ್ನ ಹೊಲದ ಅಂಚಲ್ಲೇ ಹೋಗುವ ರಸ್ತೆಯ ಮೇಲೆ ತನ್ನ ಗಾಡಿ ಓಡಿಸುವ ಹಾಗಿಲ್ಲ. ಇಷ್ಟೆಲ್ಲ ಆದಮೇಲೂ ಆ ಪ್ರಬಂಧಗಳು ನನಗೆ ಯಾಕೋ ಸಾಲುತ್ತಿಲ್ಲ. ಅಂಥದ್ದೊಂದನ್ನು ನಾನೇ ಬರೆದಿದ್ದೇನೆ, ಹಾಗಾಗಿ ಈ ಟೀಕೆ ಮೊದಲು ನನಗೇ ತಗಲುವಂಥದ್ದು.

ನಾನು ಬರೆದದ್ದು ದೊಡ್ಡ ಹೆದ್ದಾರಿಯ ಬಗ್ಗೆಯಲ್ಲ. ಮೈಸೂರಿನಿಂದ ಬನ್ನೂರು, ಸೋಮನಾಥಪುರ, ತಿ.ನರಸೀಪುರ ಸುತ್ತಿ ನಂಜನಗೂಡಿಗೆ ಬರುವ ದಾರಿ. ಅದರಲ್ಲೊಂದು ಹೋಟೆಲಿನ ವರ್ಣನೆ ಇತ್ತು: ಹೊಗೆ ಹಿಡಿದ ಜಂತೆ, ಕಾಲು ಅಲ್ಲಾಡುವ ಬೆಂಚು, ಗಾಜಿನ ಲೋಟದ ಟೀ, ಗಲ್ಲಾದ ಮೇಲಿನ ದೇವರ ಪಟ. 'ಊರೆಲ್ಲ ಬಂದು ಕೂರುತ್ತಿದ್ದ ಜಾಗ' ಅಂತಲೂ ಬರೆದಿದ್ದೆ. ಓದಿದವರು ಹೊಗಳಿದರು. ನಂಜನಗೂಡು ತಾಲ್ಲೂಕಿನವನಾದ ನನ್ನ ಕಿರಿಯ ಗೆಳೆಯನೂ ಫೋನ್ ಮಾಡಿದ. "ಚೆನ್ನಾಗದೆ ಕಣಣ್ಣ. ಆದ್ರೆ ಆ ಬೆಂಚಲ್ಲಿ ನಮ್ಮಪ್ಪ ಯಾವತ್ತೂ ಕೂತಿರ್ನಿಲ್ಲ."

ಅವನ ಅಪ್ಪ ಕಬ್ಬಿನ ಲಾರಿಗೆ ಲೋಡ್ ಮಾಡುವ ಕೂಲಿ. ಆ ಹೋಟೆಲಿನ ಮುಂದೆ ಲಾರಿ ನಿಂತರೆ ಡ್ರೈವರ್ ಒಳಗೆ ಹೋಗುತ್ತಿದ್ದ. ಇವರು ಸೂರಿನ ಕೆಳಗೆ ಸಿಕ್ಕಿಸಿದ್ದ ಲೋಟ ತೆಗೆದುಕೊಂಡು, ಮೇಲಿಂದ ಹೊಯ್ದ ಟೀ ಕುಡಿದು, ತೊಳೆದು, ಮತ್ತೆ ಅಲ್ಲೇ ಸಿಕ್ಕಿಸಿ ಬರುತ್ತಿದ್ದರು. ನಾನು ಗಾಜಿನ ಲೋಟದ ಬಗ್ಗೆ ಒಂದು ಪ್ಯಾರಾ ಬರೆದಿದ್ದೆ. ಸೂರಿನ ಲೋಟ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಹಳೇ ರಸ್ತೆ ಮತ್ತು ದಾರಿಬದಿಯ ಊಟದ ಬರಹಕ್ಕೆ ಅಮೆರಿಕ ತವರು. ಚಿಕಾಗೋದಿಂದ ಪಶ್ಚಿಮ ಕರಾವಳಿಗೆ ಹೋಗುವ ರೂಟ್ 66 ಅಧಿಕೃತ ಪಟ್ಟಿಯಿಂದ ಬಿದ್ದುಹೋದದ್ದು 1985ರಲ್ಲಿ. ಇಲಿನಾಯ್, ಮಿಸೌರಿಗಳ ಹಳೇ ಡೈನರುಗಳ ಬಗ್ಗೆ ಅಲ್ಲಿ ಬರೆದಷ್ಟು ಇನ್ನೆಲ್ಲೂ ಬರೆದಿರಲಾರರು. ವಿಲಿಯಂ ಲೀಸ್ಟ್ ಹೀಟ್-ಮೂನ್ ಅವರ 'ಬ್ಲೂ ಹೈವೇಸ್' (1982) ನನಗೆ ತುಂಬಾ ಇಷ್ಟದ ಪುಸ್ತಕ. ದೊಡ್ಡ ಹೆದ್ದಾರಿಗಳನ್ನು ಬಿಟ್ಟು ನಕ್ಷೆಯಲ್ಲಿ ನೀಲಿ ಗೆರೆಯಾಗಿರುವ ಸಣ್ಣ ರಸ್ತೆಗಳಲ್ಲೇ ವ್ಯಾನು ಓಡಿಸಿದ ಮನುಷ್ಯ ಅವರು. ಹೋಟೆಲ್ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಗೋಡೆಯ ಮೇಲೆ ಎಷ್ಟು ಕ್ಯಾಲೆಂಡರ್ ತೂಗಿವೆ ಎಂಬುದರ ಮೇಲೆ ಅಳೆಯುತ್ತಿದ್ದರು, ಕ್ಯಾಲೆಂಡರ್ ಹೆಚ್ಚಿದ್ದಷ್ಟೂ ಊಟ ಒಳ್ಳೆಯದು ಅಂತ. (ನಮ್ಮ ಕಡೆ ಈ ಲೆಕ್ಕ ನಡೆಯುವುದಿಲ್ಲ. ನಮ್ಮ ಹೋಟೆಲುಗಳಲ್ಲಿ ಹತ್ತು ವರ್ಷದ ಹಿಂದಿನ ಕ್ಯಾಲೆಂಡರೂ ದೇವರ ಚಿತ್ರವಿದ್ದರೆ ಗೋಡೆ ಬಿಟ್ಟು ಇಳಿಯುವುದಿಲ್ಲ.)

ಆದರೆ ಅದೇ ಅಮೆರಿಕದಲ್ಲಿ 1936ರ ವರ್ಷ ಎರಡು ಪುಸ್ತಕ ಬಂದವು. ಒಂದು ಡಂಕನ್ ಹೈನ್ಸ್ ಎಂಬ ವ್ಯಾಪಾರಸ್ಥ ತಾನು ಸುತ್ತಿದ ದಾರಿಗಳಲ್ಲಿ ಒಳ್ಳೆಯ ಊಟ ಎಲ್ಲಿ ಸಿಗುತ್ತದೆಂದು ಪಟ್ಟಿ ಮಾಡಿದ 'ಅಡ್ವೆಂಚರ್ಸ್ ಇನ್ ಗುಡ್ ಈಟಿಂಗ್'. ಇನ್ನೊಂದು ವಿಕ್ಟರ್ ಹ್ಯೂಗೊ ಗ್ರೀನ್ ಎಂಬ ನ್ಯೂಯಾರ್ಕಿನ ಅಂಚೆಯವನು ಹೊರತಂದ 'ಗ್ರೀನ್ ಬುಕ್'. ಕಪ್ಪು ಜನ ಕಾರಿನಲ್ಲಿ ಹೊರಟರೆ ಅವರಿಗೆ ಎಲ್ಲಿ ಊಟ ಕೊಡುತ್ತಾರೆ, ಎಲ್ಲಿ ಮಲಗಲು ಬಿಡುತ್ತಾರೆ ಎಂಬ ಪಟ್ಟಿ ಅದು. ಮಿಡ್‌ವೆಸ್ಟಿನ ಎಷ್ಟೋ ಊರುಗಳಲ್ಲಿ ಕತ್ತಲಾಗುವುದರೊಳಗೆ ಕಪ್ಪು ಜನ ಊರು ಬಿಡಬೇಕೆಂಬ ಕಟ್ಟಳೆ ಇತ್ತು. ಎರಡೂ ದಾರಿಬದಿಯ ಊಟದ ಪುಸ್ತಕಗಳೇ. ಮೊದಲನೆಯದಕ್ಕೆ ರುಚಿ ಎಲ್ಲಿ ಎಂಬುದು ಪ್ರಶ್ನೆ, ಎರಡನೆಯದಕ್ಕೆ ಬಾಗಿಲು ಎಲ್ಲಿ ಎಂಬುದು. ನಮ್ಮ ಹಳೇ ರಸ್ತೆಯ ಪ್ರಬಂಧಗಳೆಲ್ಲ ಮೊದಲನೆಯದರ ಸಂತಾನ. ಎರಡನೆಯದನ್ನು ಕನ್ನಡದಲ್ಲಿ ಎಲ್ಲಿ ಹುಡುಕುವುದು?

ನಮ್ಮ ಪ್ರವಾಸ ಕಥನಗಳಲ್ಲಿ ಅದು ಸಿಗುವುದು ಕಷ್ಟ. ವಿ.ಸೀ. ಅವರ 'ಪಂಪಾಯಾತ್ರೆ' ಹಂಪೆಯನ್ನು ಕೊಟ್ಟಿತು, ಗೊರೂರರ 'ಅಮೆರಿಕಾದಲ್ಲಿ ಗೊರೂರು' ಒಂದು ದೇಶವನ್ನೇ ನಮ್ಮ ಜಗಲಿಗೆ ತಂದಿತು. ದೊಡ್ಡ ಪುಸ್ತಕಗಳು, ಸರಿ. ಅವುಗಳ ದಾರಿ ಹಿಡಿದು ಬಂದ ನಮ್ಮ ಸಾಮಾನ್ಯ ಪ್ರವಾಸ ಲೇಖನವನ್ನು ನೋಡಿ: ಗುರಿ ತಲುಪಿದ ಮೇಲೇ ಅದಕ್ಕೆ ಬಾಯಿ ಬರುತ್ತದೆ. ಸೋಮನಾಥಪುರದ ಬಗ್ಗೆ ಬಂದ ನೂರು ಲೇಖನ ತೆಗೆದರೂ 1268, ಸೋಮನಾಥ ದಂಡನಾಯಕ, ಮುಮ್ಮಡಿ ನರಸಿಂಹ, ಮೂರು ಗರ್ಭಗುಡಿ, ನಕ್ಷತ್ರಾಕಾರದ ಜಗತಿ ಎಲ್ಲ ಸಿಗುತ್ತವೆ. 2023ರಲ್ಲಿ ಬೇಲೂರು ಹಳೇಬೀಡಿನ ಜೊತೆ ವಿಶ್ವಪರಂಪರೆಯ ಪಟ್ಟಿ ಸೇರಿದ ಮೇಲಂತೂ ಹೇಳುವುದೇ ಬೇಡ. ಬನ್ನೂರಿನಿಂದ ಅಲ್ಲಿಗೆ ಹೋಗುವ ರಸ್ತೆಯಲ್ಲಿ ಕಬ್ಬಿನ ಗಾಡಿ ಓಡಿಸುವವನು ಮಧ್ಯಾಹ್ನ ಎಲ್ಲಿ ಉಂಡ ಎಂಬುದು ಒಂದರಲ್ಲೂ ಇಲ್ಲ.

ಇದಕ್ಕೆ ಒಂದು ಕಾರಣ ನಮ್ಮ ಮಾತಿನಲ್ಲೇ ಇದೆ ಅನ್ನಿಸುತ್ತದೆ. ಉಂಡು ದಾರಿ ನಡೆಯುವುದಕ್ಕೆ ಕನ್ನಡದಲ್ಲಿ ಒಳ್ಳೆಯ ಪದ 'ಬುತ್ತಿ'. ಮೊಸರನ್ನದ ಬುತ್ತಿ, ರೊಟ್ಟಿ ಬುತ್ತಿ, ಪುಳಿಯೋಗರೆ. ದಾರಿಯಲ್ಲಿ ನೀರಿಗೆ ಅರವಟ್ಟಿಗೆ ಇತ್ತು, ತಂಗಲು ಛತ್ರ ಇತ್ತು. ಆದರೆ ದುಡ್ಡು ಕೊಟ್ಟು, ಗುರುತಿಲ್ಲದವರ ಪಕ್ಕ ಕೂತು, ಯಾರು ಬೇಯಿಸಿದರೆಂದು ಕೇಳದೆ ಉಣ್ಣುವ ಜಾಗಕ್ಕೆ ನಮ್ಮದೇ ಪದ ಹುಟ್ಟಲಿಲ್ಲ. 'ಹೋಟೆಲ್' ಹೊರಗಿಂದ ಬರಬೇಕಾಯಿತು. ಬುತ್ತಿ ಬರೀ ಮಿತವ್ಯಯವಲ್ಲ, ಇನ್ನೊಬ್ಬರ ಕೈ ಅಡುಗೆ ತಿನ್ನಬಾರದೆಂಬ ಕಾವಲು ಕೂಡ. ಛತ್ರಗಳಲ್ಲೂ ಪಂಕ್ತಿ ಬೇರೆ ಬೇರೆ. ಹೋಟೆಲ್ ಬಂದ ಮೇಲೂ ಎಷ್ಟೋ ಕಾಲ ಬೋರ್ಡಿನ ಮೇಲೆ ಜಾತಿಯ ಹೆಸರು ಇರುತ್ತಿತ್ತು, ಇವತ್ತಿಗೂ ಅಲ್ಲಲ್ಲಿ ಇದೆ. ರಾಗಿಮುದ್ದೆ, ಬನ್ನೂರು ಕುರಿಯ ಸಾರು ಬಡಿಸುವ ಮಿಲ್ಟ್ರಿ ಹೋಟೆಲುಗಳ ಕಥೆ ಬೇರೆಯೇ, ಅದಕ್ಕೆ ಇನ್ನೊಂದು ಲೇಖನ ಬೇಕು.

ಹೋಟೆಲಿಗೆ ಕಾಲಿಡುವುದೆಂದರೆ ಏನು ಎಂಬುದು ನಮ್ಮ ಪ್ರವಾಸಿಗರಿಗಿಂತ ಕಾದಂಬರಿಕಾರರಿಗೆ ಚೆನ್ನಾಗಿ ಗೊತ್ತಿತ್ತು. ಅನಂತಮೂರ್ತಿಯವರ 'ಸಂಸ್ಕಾರ'ದ ಕೊನೆಯ ಭಾಗವನ್ನು ನಾವು ತರಗತಿಗಳಲ್ಲಿ ಅಸ್ತಿತ್ವವಾದ ಎಂದು ಪಾಠ ಮಾಡುತ್ತೇವೆ. ಅದನ್ನು ರಸ್ತೆಯ ಕಥೆಯೆಂದು ಓದಿ ನೋಡಿ. ಪ್ರಾಣೇಶಾಚಾರ್ಯರು ಅಗ್ರಹಾರ ಬಿಟ್ಟು ನಡೆಯುತ್ತಾರೆ, ಮಾಲೇರ ಪುಟ್ಟ ಗಂಟುಬೀಳುತ್ತಾನೆ, ಮೇಳಿಗೆಯ ಜಾತ್ರೆ, ಅಲ್ಲಿ ಕಾಫಿ, ಆಮೇಲೆ ಸೂತಕದಲ್ಲೇ ದೇವಸ್ಥಾನದ ಪಂಕ್ತಿ. ಆಚಾರ್ಯರ ಬದುಕು ತಿರುಗುವುದು ಶಾಸ್ತ್ರಗ್ರಂಥದ ಎದುರಿಗಲ್ಲ, ಎಲೆಯ ಎದುರಿಗೆ. ಆದರೂ ಅದು ಒಳಗೆ ಹೋಗಲು ಹಕ್ಕಿರುವವನ ಅಳುಕು. ಗುರುತು ಸಿಕ್ಕಿಬಿಟ್ಟರೆ ಎಂಬ ಭಯ ಅವರಿಗೆ. ಗುರುತು ಮೊದಲೇ ಊರಿಗೆಲ್ಲ ಗೊತ್ತಿರುವವನ ಭಯ ಇನ್ನೊಂದು ಬಗೆಯದು, ಅದು ದಲಿತ ಆತ್ಮಕಥನಗಳಲ್ಲಿ ಹೋಟೆಲಿನ ಹೊರಗಿಟ್ಟ ಲೋಟವಾಗಿ ಮತ್ತೆ ಮತ್ತೆ ಬರುತ್ತದೆ.

ಈ ಸೀಮೆಗೇ ಬಂದರೆ ಎರಡು ಹೆಸರು. ಎಂ.ಎನ್. ಶ್ರೀನಿವಾಸರು 1948ರಲ್ಲಿ ತಿ.ನರಸೀಪುರ ತಾಲ್ಲೂಕಿನ ಕೊಡಗಹಳ್ಳಿಯಲ್ಲಿ ಇದ್ದು ಅಧ್ಯಯನ ಮಾಡಿದರು. ಆ ಟಿಪ್ಪಣಿಗಳು 1970ರಲ್ಲಿ ಅಮೆರಿಕದಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟುಹೋದವು, ನೆನಪಿನಿಂದಲೇ 'ದಿ ರಿಮೆಂಬರ್ಡ್ ವಿಲೇಜ್' (1976) ಬರೆದರು. ಅದರಲ್ಲಿ ಹಳ್ಳಿಗೆ ರಾಮಪುರ ಎಂದು ಹೆಸರು. ರಾಮಪುರ ಬಸ್ಸಿನ ರಸ್ತೆಯ ಮೇಲಿನ ಹಳ್ಳಿ. ಊರಿನ ಉಳ್ಳವರ ದುಡ್ಡು ಅಕ್ಕಿ ಗಿರಣಿಗೂ ಬಸ್ಸಿಗೂ ಹರಿಯತೊಡಗಿದ ಕಾಲದ ಚಿತ್ರ ಅದರಲ್ಲಿದೆ. ರಸ್ತೆ ಯಾರ ಬಂಡವಾಳ ಎಂಬುದು ಈ ಪುಸ್ತಕದಿಂದ ಗೊತ್ತಾಗುವಷ್ಟು ನಮ್ಮ ಪ್ರವಾಸ ಪ್ರಬಂಧಗಳಿಂದ ಗೊತ್ತಾಗುವುದಿಲ್ಲ. ಆದರೆ ಶ್ರೀನಿವಾಸರು ಹಳ್ಳಿಯನ್ನು ನೋಡಿದ್ದು ಪಟೇಲರ ಮನೆಯ ಕಡೆಯಿಂದ, ಕೇರಿ ಅವರಿಗೆ ದೂರವೇ ಉಳಿಯಿತು. ಅವರೇ ಇದನ್ನು ಮುಚ್ಚಿಟ್ಟಿಲ್ಲ.

ಕೇರಿಯ ಕಡೆಯಿಂದ ಅದೇ ರಸ್ತೆಯನ್ನು ನೋಡಿದವರು ನಂಜನಗೂಡು ತಾಲ್ಲೂಕಿನ ದೇವನೂರು ಮಹಾದೇವ. 'ದ್ಯಾವನೂರು' (1973) ಸಂಕಲನದಲ್ಲಿ 'ಡಾಂಬರು ಬಂದುದು' ಎಂಬ ಕಥೆಯಿದೆ. ಹಳೇ ರಸ್ತೆಯ ಬಗ್ಗೆ ಬರೆಯುವವರು ಮೊದಲು ಓದಬೇಕಾದದ್ದು ಅದು. ಟಾರು ನಮ್ಮ ಪ್ರಬಂಧಗಳಲ್ಲಿ ಬಾಲ್ಯದ ವಾಸನೆ; ಅಲ್ಲಿ ಅದು ಊರಿನೊಳಕ್ಕೆ ಬಂದು ಯಾರ ಕೈ ಮೇಲು ಎಂದು ತೋರಿಸುವ ವಸ್ತು. ಕಥೆಯ ಹೆಸರಿನ ಕ್ರಿಯಾಪದವನ್ನೇ ನೋಡಿ: ಊರಿನವರು ರಸ್ತೆ ಮಾಡಿಕೊಂಡದ್ದಲ್ಲ, ಡಾಂಬರು ತಾನಾಗಿ 'ಬಂದುದು'.

ಇನ್ನು ಊಟ. 'ಒಡಲಾಳ'ದಲ್ಲಿ ಸಾಕವ್ವನ ಮನೆಯವರು ಕದ್ದು ತಂದ ಕಡ್ಲೆಕಾಯನ್ನು ಒಲೆಯ ಸುತ್ತ ಕೂತು ತಿನ್ನುವ ರಾತ್ರಿ ಇದೆ. ಕನ್ನಡದಲ್ಲಿ ತಿನ್ನುವುದರ ಬಗ್ಗೆ ಅದಕ್ಕಿಂತ ಒಳ್ಳೆಯ ಬರಹ ನಾನು ಓದಿಲ್ಲ. ಸಿಪ್ಪೆಯೂ ಸಾಕ್ಷಿಯಾಗಬಾರದು, ಯಾಕೆಂದರೆ ಪೊಲೀಸರು ಬರುತ್ತಾರೆ. ಅಲ್ಲಿ ಇರುವುದು ಸುಖ, ನಗು, ಹಸಿವು, ಕಳವು ಎಲ್ಲ ಒಟ್ಟಿಗೆ. ಇದರ ಪಕ್ಕ ನಮ್ಮ ತಟ್ಟೆ ಇಡ್ಲಿಯ ಪ್ಯಾರಾಗಳನ್ನಿಟ್ಟರೆ ಅವು ಸುಳ್ಳಾಗುವುದಿಲ್ಲ, ತೆಳ್ಳಗಾಗುತ್ತವೆ. ಅಲ್ಲಿ ಬೆಣ್ಣೆ ಇದೆ, ಹಸಿವಿಲ್ಲ.

ಹಾಗಾದರೆ ತಟ್ಟೆ ಇಡ್ಲಿಯ ಬಗ್ಗೆ ಬರೆಯಬಾರದೆ ಅಂತ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಬರೆಯಬೇಕು. ಅಕ್ಕಿ ನೆನೆಸಿದವಳು ಯಾರು, ಸೌದೆ ಎಲ್ಲಿಯದು, ತಟ್ಟೆ ತೊಳೆದ ಹುಡುಗ ಯಾವ ಊರಿನವನು ಎಂಬುದೂ ರುಚಿಯ ಭಾಗವೇ ಎಂದುಕೊಂಡು ಬರೆಯಬೇಕು. ಮದ್ದೂರು ವಡೆಯನ್ನು ನಾವು ರಸ್ತೆಯ ತಿಂಡಿ ಅಂದುಕೊಂಡಿದ್ದೇವೆ. ಅದು ಬೆಳೆದದ್ದು ರೈಲು ನಿಲ್ದಾಣದಲ್ಲಿ. ಇಷ್ಟು ವಿಚಾರಿಸಿದರೂ ಪ್ರಬಂಧಕ್ಕೆ ಒಂದು ಬೆನ್ನೆಲುಬು ಬರುತ್ತದೆ.

ಕಳೆದ ತಿಂಗಳು ಆ ಗೆಳೆಯನ ಬೈಕಿನ ಹಿಂದೆ ಕೂತು ಅದೇ ದಾರಿಯಲ್ಲಿ ಮತ್ತೆ ಹೋದೆ. ಸೋಮನಾಥಪುರದ ಗುಡಿಯ ಸುತ್ತ ಆನೆ, ಕುದುರೆಗಳ ಸಾಲು ನೋಡಿ ಹೊರಬಂದು ಟೀ ಕುಡಿದೆವು. ಪೇಪರ್ ಕಪ್ಪು. ಸೂರಿನ ಲೋಟವನ್ನು ತೆಗೆಸಿದ್ದು ಕಾನೂನೋ ಚಳವಳಿಯೋ ಎಂದು ನಾವು ವಾದ ಮಾಡುತ್ತೇವೆ. ಎರಡೂ ಹೌದು, ಆದರೆ ಎಷ್ಟೋ ಕಡೆ ಬಾಕಿ ಕೆಲಸ ಮುಗಿಸಿದ್ದು ಈ ಕಪ್ಪು. ಯಾರ ಎಂಜಲನ್ನೂ ಯಾರೂ ತೊಳೆಯಬೇಕಿಲ್ಲವಾದ್ದರಿಂದ ಮನಸ್ಸು ಬದಲಾಗಬೇಕಾದ ಪ್ರಸಂಗವೇ ಬರಲಿಲ್ಲ. ಗೆಳೆಯನಿಗೆ ಇದನ್ನು ಹೇಳಿದೆ. "ಅಣ್ಣ, ನೀವು ಯಾವ್ದುಕ್ಕೂ ಖುಷಿ ಪಡಲ್ಲ ಬುಡಿ" ಅಂದ.

ತಿ.ನರಸೀಪುರದಲ್ಲಿ ಕಾವೇರಿ–ಕಪಿಲೆ ಕೂಡುವಲ್ಲಿ ಸ್ವಲ್ಪ ಹೊತ್ತು ಕೂತು, ನಾನು ಬರೆದಿದ್ದ ಆ ಹೋಟೆಲಿಗೆ ಹೋದೆವು. ಒಳಗೇ ಕೂತೆವು. ಜಂತೆಯ ಜಾಗದಲ್ಲಿ ಆರ್‌ಸಿಸಿ, ಬೆಂಚಿನ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ. ಮಸಾಲೆ ದೋಸೆ ತಿಂದೆವು. ಗಲ್ಲಾದಲ್ಲಿದ್ದವರು ಹೊಸಬರು, ಅವರಿಗೆ ನಮ್ಮ ಬಗ್ಗೆ ಯಾವ ಆಸಕ್ತಿಯೂ ಇರಲಿಲ್ಲ.

ಸಂಜೆ ಅವರೂರಿಗೆ ಹೋದಾಗ ಗೆಳೆಯನ ಅಪ್ಪ ಜಗಲಿಯ ಮೇಲಿದ್ದರು. ಎಲ್ಲಿ ತಿಂಡಿ ಆಯ್ತು ಅಂದರು. ಹೇಳಿದೆವು. ಅವರು ಸ್ವಲ್ಪ ಹೊತ್ತು ಎಲೆ ಅಡಿಕೆಯ ಚೀಲದಲ್ಲಿ ಸುಣ್ಣದ ಡಬ್ಬಿ ಹುಡುಕುತ್ತಿದ್ದು, ಆಮೇಲೆ ಮಗನನ್ನಲ್ಲ, ನನ್ನನ್ನು ಕೇಳಿದರು:

"ಅವರ ದೋಸೆ ಹೆಂಗಿರ್ತದೆ ಸಾ?"