ಬೇಸಿಗೆಯ ಓಟಕ್ಕೆ ಏಪ್ರಿಲ್ಲೇ ಬೇಕಿತ್ತೆ?

ಬೆಂಗಳೂರಿನ ವರ್ಲ್ಡ್ 10ಕೆ ಓಟ 2008ರಲ್ಲಿ ಶುರುವಾದದ್ದು. ಬಹುಪಾಲು ವರ್ಷ ಮೇ ತಿಂಗಳಲ್ಲಿ ನಡೆಯುತ್ತಿತ್ತು. 2024ರಲ್ಲಿ ಏಪ್ರಿಲ್ ಕೊನೆಯ ಭಾನುವಾರಕ್ಕೆ ಬಂತು. ಬಿಸಿಲು ಬಲಿಯುವ ಮುನ್ನವೇ ಓಟ ಮುಗಿಸುವ ಜಾಣತನ ಎಂದುಕೊಳ್ಳಬಹುದು. ಆದರೆ ಈ ಊರಿನಲ್ಲಿ ಮೇಗಿಂತ ಏಪ್ರಿಲ್ಲೇ ಹೆಚ್ಚು ಸುಡುವ ತಿಂಗಳು. ಮೇನಲ್ಲಿ ಆಗಾಗ ಸಂಜೆ ಮಳೆ ಬಿದ್ದು ನೆಲ ತಣಿಯುತ್ತದೆ. ನಗರದ ದಾಖಲೆಯ 39.2 ಡಿಗ್ರಿ ಬಂದದ್ದು 2016ರ ಏಪ್ರಿಲ್‌ನಲ್ಲಿ. 2024ರ ಏಪ್ರಿಲ್ 28ರಂದು, ಓಟ ನಡೆದ ದಿನವೇ, ಮಧ್ಯಾಹ್ನದ ತಾಪ 38 ಡಿಗ್ರಿ ದಾಟಿತ್ತು.

ಆ ಹೊತ್ತಿಗೆ ಓಡಿದವರೆಲ್ಲ ದೋಸೆ ತಿಂದು ಫ್ಯಾನಿನ ಕೆಳಗೆ ಮಲಗಿರುತ್ತಾರೆ, ನಿಜ. ಹತ್ತು ಕಿಲೋಮೀಟರ್ ಓಡುವವರನ್ನು ನಸುಕಿನಲ್ಲೇ ಬಿಡುತ್ತಾರೆ, ದಾರಿಯಲ್ಲಿ ನೀರು, ವೈದ್ಯರು ಎಲ್ಲ ಇರುತ್ತಾರೆ. ವ್ಯವಸ್ಥೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮಕ್ಕಳು ಮರಿಗಳು, ವೇಷ ತೊಟ್ಟವರು, ವರ್ಷಕ್ಕೊಮ್ಮೆ ಶೂ ಕಟ್ಟುವವರು ಸೇರುವ ಮಜಾ ರನ್ನಿನ ಸರದಿ ಬರುವುದು ಕೊನೆಗೆ. ಅಭ್ಯಾಸವಿದ್ದವರಿಗೆ ತಂಪು ಹೊತ್ತು, ಇಲ್ಲದವರಿಗೆ ಏರುಬಿಸಿಲು!

ಇನ್ನು ನಾವು ಪರಸ್ಪರ ಹಂಚಿಕೊಳ್ಳುವ ಉಪದೇಶ ನೋಡಿ. ಮಾತೆತ್ತಿದರೆ ನೀರು. ನೀರು ಬೇಕು, ಆದರೆ ಬಾಯಾರಿಕೆಗೆ ತಕ್ಕಷ್ಟು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಜನರಲ್ಲಿ ಸೋಡಿಯಂ ಇಳಿದಿತ್ತು. ಓಡುತ್ತ ಓಡುತ್ತ ತೂಕ ಹೆಚ್ಚಿಸಿಕೊಂಡವರಲ್ಲಿ, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರಲ್ಲಿ, ಈ ತೊಂದರೆ ಹೆಚ್ಚು. ಉಪ್ಪು ಹಾಕಿದ ಮಜ್ಜಿಗೆ ಕುಡಿಯುವ ನಮ್ಮ ರೂಢಿಯೇ ವಾಸಿ.

ಬಾಟಲಿಗಿಂತ ಹೆಚ್ಚು ಗಮನ ಕೊಡಬೇಕಾದದ್ದು ವೇಗಕ್ಕೆ. ಓಡುವಾಗ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಶಾಖವಾಗಿಯೇ ಮೈಯಲ್ಲಿ ಉಳಿಯುತ್ತದೆ. ವೇಗ ಏರಿದಷ್ಟೂ ಶಾಖ ಏರುತ್ತದೆ. ಅದನ್ನು ಹೊರಹಾಕಬೇಕಾದದ್ದು ಬೆವರು, ಅದೂ ಆರಿದರೆ ಮಾತ್ರ. ಮಂಗಳೂರಿನ ಸೆಕೆಯಲ್ಲಿ ಬನಿಯನ್ ಹಿಂಡಿದರೆ ನೀರು ಸೋರುತ್ತದೆ, ಮೈ ಮಾತ್ರ ತಣಿಯದು. ಕಲಬುರಗಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ಅಲ್ಲಿ ಸುಡುವುದು ಬಿಸಿಲಿನ ಝಳ. ಆ ಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಗುಮಾಸ್ತರಿಗಿರುವ ಈ ವಿವೇಕ ಓಟಗಾರರ ತಲೆಗೆ ಹೋಗಿಲ್ಲ. ಬಿಸಿಲಿಗೆ ಮೈ ಒಗ್ಗಲು ಒಂದೆರಡು ವಾರ ನಿಧಾನವಾಗಿ ಓಡಬೇಕು. ಜನವರಿಯ ವೇಗವನ್ನೇ ಏಪ್ರಿಲ್‌ನಲ್ಲೂ ಹಿಡಿಯುತ್ತೇನೆಂದು ಹೊರಡುವವನಿಗೆ ಟೋಪಿ, ಸನ್‌ಸ್ಕ್ರೀನ್ ಯಾವುದೂ ಆಸರೆಯಾಗದು.

ಮತ್ತೊಂದು ತಪ್ಪು ನಂಬಿಕೆ: ಬೆವರು ನಿಂತರೆ ಮಾತ್ರ ಅಪಾಯ ಎಂಬುದು. ಓಡುತ್ತ ಉಷ್ಣಾಘಾತಕ್ಕೆ ಸಿಕ್ಕವರ ಮೈ ಬೆವರಿನಿಂದ ತೊಯ್ದಿರಬಹುದು. ನೋಡಬೇಕಾದದ್ದು ನಡೆ ಮತ್ತು ನಾಲಿಗೆ. ಕಾಲು ತಡವರಿಸುತ್ತಿದೆಯೇ? ಹೆಸರು ಕೇಳಿದರೆ ಅಸಂಬದ್ಧ ಉತ್ತರ ಬರುತ್ತಿದೆಯೇ? ಹಾಗಿದ್ದರೆ ಆಂಬುಲೆನ್ಸಿಗೆ ಫೋನ್ ಮಾಡಿ, ಅದು ಬರುವವರೆಗೆ ಸುಮ್ಮನೆ ಕಾಯದೆ ಐಸ್ ನೀರಿನ ಟಬ್ಬಿನಲ್ಲಿ ಕತ್ತಿನವರೆಗೆ ಕೂರಿಸಬೇಕು. ಟಬ್ ಇಲ್ಲವೇ, ಸಿಕ್ಕಷ್ಟು ತಣ್ಣೀರು ಸುರಿಯುತ್ತಲೇ ಇರಬೇಕು. ಆಸ್ಪತ್ರೆಯ ದಾರಿಯಲ್ಲಿ ಕಳೆಯುವ ಅರ್ಧ ಗಂಟೆ ತುಂಬಾ ದುಬಾರಿ.

ಬೇರೆ ಊರುಗಳು ಬಿಸಿಲಿಗೆ ತಲೆಬಾಗಿವೆ. ಷಿಕಾಗೊ 2007ರಲ್ಲಿ ಮ್ಯಾರಥಾನನ್ನು ನಡುವೆಯೇ ನಿಲ್ಲಿಸಿತು. ಟೋಕಿಯೊ ಒಲಿಂಪಿಕ್ಸ್‌ನ ಮ್ಯಾರಥಾನ್ ದೂರದ ಸಪ್ಪೊರೊಗೆ ಹೋಯಿತು. ನಮ್ಮಲ್ಲೋ, ಮುಂಬೈಗೆ ಜನವರಿ, ಕೋಲ್ಕತ್ತಕ್ಕೆ ಡಿಸೆಂಬರ್ ಸಿಕ್ಕಿ ಬೆಂಗಳೂರಿನ ಪಾಲಿಗೆ ಏಪ್ರಿಲ್ ಉಳಿದಂತಿದೆ. ತಂಪಿನ ಊರು ತಾನೇ ಎಂಬ ಹಳೆಯ ಭರವಸೆ ಇದರ ಹಿಂದಿದ್ದರೆ, ಅದು ಕೈಬಿಡಬೇಕಾದ ಭರವಸೆ. ಸಂಘಟಕರು ತಿಂಗಳು ಬದಲಿಸಲಿ. ಅದು ಆಗದಿದ್ದರೆ ಮಜಾ ರನ್ನನ್ನಾದರೂ ಮೊದಲ ಸರದಿಗೆ ತರಲಿ.